ತವರ ಮತ್ತು ಸೀಸ: ಸಂಕಪ್ಪ ಆಳ್ವ ಮಾಸ್ತರರ ರಸಾಯನಪಾಠ

ರಸಾಯನಶಾಸ್ತ್ರವೆಂದರೆ ಇಂಗ್ಲಿಷ್ ಪುಸ್ತಕದ ಪುಟಗಳನ್ನು ಉರುಹೊಡೆದು ಪರೀಕ್ಷೆಯ ದಿನ ಇಳಿಸಿ ಬರಬೇಕಾದ ಒಂದು ಹೊರೆ ಎಂದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಅದೇ ಶಾಸ್ತ್ರವನ್ನು ಒಲೆಯ ಬೂದಿಯಿಂದಲೂ ಉಪ್ಪಿನ ಭರಣಿಯಿಂದಲೂ ವೀಳ್ಯದ ಸುಣ್ಣದಿಂದಲೂ ಎತ್ತಿ ತೋರಿಸಿ, ಇದೆಲ್ಲ ನಿಮ್ಮ ಮನೆಯಲ್ಲೇ ಇದ್ದದ್ದು, ನಾನು ಹೊಸತಾಗಿ ಏನನ್ನೂ ತಂದಿಲ್ಲ ಎಂದು ಮಕ್ಕಳಿಗೆ ಹೇಳಿದವರು ದೇರೆಬೈಲಿನ ಶ್ರೀ ಸಂಕಪ್ಪ ಆಳ್ವರು. ಮಂಗಳೂರಿನಲ್ಲಿ ವಿಜ್ಞಾನ ಕಲಿಸಿದ ಪಂಡಿತರು ಅವರಿಗಿಂತ ಮೊದಲೂ ಇದ್ದರು, ಅವರೊಡನೆಯೂ ಇದ್ದರು. ಆದರೆ ಮೂಲಧಾತುಗಳೆಂದರೆ ಗೋಡೆಗೆ ತೂಗುಹಾಕಿದ ಪಟದಲ್ಲಿನ ಅಕ್ಷರಗಳಲ್ಲ, ನಾವು ಉಣ್ಣುವ, ಉಡುವ, ಉಸಿರಾಡುವ ವಸ್ತುಗಳು ಎಂಬ ಮಾತನ್ನು ಮೂರು ದಶಕಗಳ ಕಾಲ ಬೇಸರವಿಲ್ಲದೆ ಹೇಳಿ, ಒಮ್ಮೆ ಆ ಮಾತಿಗಾಗಿ ತಮ್ಮ ನಂಟಸ್ತಿಕೆಯನ್ನೇ ಒತ್ತೆಯಿಟ್ಟವರು ಇವರೊಬ್ಬರೇ. ಈ ಮಾರ್ಚಿನಲ್ಲಿ ಅವರು ಸೇವೆಯಿಂದ ನಿವೃತ್ತರಾದ ಸಂದರ್ಭದಲ್ಲಿ ಅವರ ಶಿಷ್ಯರೂ ಸಹೋದ್ಯೋಗಿಗಳೂ ಕೂಡಿ ಹೊರತರುತ್ತಿರುವ ಈ ಸಂಪುಟದಲ್ಲಿ, ಅವರ ಬದುಕಿನ ಕೆಲವು ಸಂಗತಿಗಳನ್ನು ನಡೆದದ್ದು ನಡೆದ ಹಾಗೆ ಹೇಳಿದರೆ ಅದೇ ಅವರಿಗೆ ಒಪ್ಪುವ ಗೌರವವಾದೀತು.

ಆಳ್ವರದು ಗದ್ದೆ, ತೋಟ, ಒಕ್ಕಲುಗಳಿದ್ದ ಬಂಟ ಮನೆತನ. ಅಳಿಯಸಂತಾನದ ಪದ್ಧತಿಯಂತೆ ಮನೆಯ ಯಜಮಾನಿಕೆ ಸೋದರಮಾವನ ಕೈಯಲ್ಲಿತ್ತು. ಆಸ್ತಿಯ ವ್ಯಾಜ್ಯಗಳಲ್ಲಿ ಬೇಸತ್ತಿದ್ದ ಆ ಹಿರಿಯರು, ಅಳಿಯ ಮದರಾಸಿಗೆ ಹೋಗಿ ಬಿ.ಎ. ಮುಗಿಸಿ, ವಕೀಲನಾಗಿ ಬಂದು, ಮನೆಯ ದಾವೆಗಳನ್ನು ಮನೆಯವನೇ ನಡೆಸಲಿ ಎಂದು ಆಸೆಪಟ್ಟಿದ್ದರು. ಅಳಿಯ ಮದರಾಸಿಗೇನೋ ಹೋದರು. ಆದರೆ ಅಲ್ಲಿಯ ಪ್ರಯೋಗಶಾಲೆಯಲ್ಲಿ ಒಂದು ದಿನ, ನೀರು ಸೋಂಕಿದರೆ ಹೊತ್ತಿಕೊಳ್ಳುವ ಮೆದು ಲೋಹವಾದ ಸೋಡಿಯಮ್ಮನ್ನು, ಮೂಗಿಗೆ ಬಡಿದರೆ ಪ್ರಾಣವನ್ನೇ ತೆಗೆಯಬಲ್ಲ ಹಸುರು ಗಾಳಿಯಾದ ಕ್ಲೋರಿನ್ನಿನೊಳಗೆ ಇಳಿಸಿದಾಗ, ಹಳದಿ ಉರಿಯೊಂದು ಭಗ್ಗೆಂದು ಎದ್ದು ಅಡಗಿ, ಗಾಜಿನ ಗೋಡೆಗೆ ಬಿಳಿಯ ಪುಡಿಯೊಂದು ಹತ್ತಿದ್ದನ್ನು ಕಂಡರು. ಅದು ಉಪ್ಪು. ಊರಿನಲ್ಲಿ ಅಜ್ಜಿ ಉಪ್ಪಿನಕಾಯಿಯ ಭರಣಿಗೆ ಹಿಡಿಹಿಡಿಯಾಗಿ ಸುರಿಯುತ್ತಿದ್ದ ಅದೇ ಉಪ್ಪು. ಅಂದು ಸಂಜೆ ಅವರಿಗೆ ಊಟ ಸೇರಲಿಲ್ಲವಂತೆ. ತಟ್ಟೆಯ ಅಂಚಿನಲ್ಲಿ ಬಡಿಸಿದ್ದ ಉಪ್ಪನ್ನೇ ನೋಡುತ್ತ ಕುಳಿತಿದ್ದರಂತೆ.

ರಜೆಗೆ ಊರಿಗೆ ಬಂದು, ತಾನು ವಕೀಲಿಗೆ ಓದುವುದಿಲ್ಲ, ರಸಾಯನ ಕಲಿತು ಶಾಲೆಯಲ್ಲಿ ಕಲಿಸುತ್ತೇನೆ ಎಂದು ಹೇಳಿ, ಕಾರಣವಾಗಿ ಈ ಉಪ್ಪಿನ ಕತೆಯನ್ನೂ ಹೇಳಿದರು. ಮಾವ ಎಲೆಯಡಕೆ ಜಗಿಯುತ್ತ ಕೇಳಿ, "ಉಪ್ಪು ಎಂತದ್ದು ಅಂತ ತಿಳೀಲಿಕ್ಕೆ ಮದರಾಸಿಗೆ ಹೋಗ್ಬೇಕಿತ್ತಾ ಮಾರಾಯ? ಅಟ್ಟಕ್ಕೆ ಹತ್ತಿದ್ರೆ ಸಾಕಿತ್ತು" ಎಂದರು. ಮರುದಿನ ಬೆಳಿಗ್ಗೆ ಅಳಿಯ ಮುಖ ತೊಳೆಯುತ್ತಿದ್ದಾಗ ಮಾವ ತಾವಾಗಿಯೇ ಹತ್ತಿರ ಬಂದು ನಿಂತರು. "ಅಲ್ಲ, ಆ ವಿಷದ ಗಾಳಿ ಉಪ್ಪಿನ ಒಳಗೆ ಎಲ್ಲಿ ಹೋಯ್ತು? ಈಗಲೂ ಅದರಲ್ಲಿ ಉಂಟಾ?" ಎಂದು ಕೇಳಿದರು. ಬಿಸಿಲೇರುವವರೆಗೂ ಇಬ್ಬರೂ ಜಗಲಿಯಲ್ಲಿ ಕುಳಿತು ಮಾತಾಡಿದರು. ವಕೀಲಿಯ ಸುದ್ದಿ ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ತನ್ನ ಮೊದಲನೆಯ ಶಿಷ್ಯ ಮಾವನೇ ಎಂದು ಆಳ್ವರು ಹೇಳುವುದುಂಟು.

೧೯೧೩ರಲ್ಲಿ ಅವರು ನಮ್ಮ ಹೈಸ್ಕೂಲಿಗೆ ಬಂದಾಗ, ಮುರಿದ ಬೆಂಚುಗಳನ್ನು ರಾಶಿಹಾಕಿದ್ದ ಕೋಣೆಯೊಂದನ್ನು ತೆರವು ಮಾಡಿ ಅದಕ್ಕೆ ಪ್ರಯೋಗಶಾಲೆ ಎಂದು ಹೆಸರಿಟ್ಟು ಅವರಿಗೆ ಒಪ್ಪಿಸಲಾಯಿತು. ಒಂದು ಸ್ಪಿರಿಟ್ ದೀಪ, ಕೆಲವು ಗಾಜಿನ ಕೊಳವೆಗಳು, ಒಂದು ತಕ್ಕಡಿ. ಇಷ್ಟೇ ಆಗಿನ ಸಲಕರಣೆ. ಉಳಿದದ್ದನ್ನು ಅವರು ಊರಿನಿಂದಲೇ ಒಟ್ಟುಮಾಡಿದರು. ತೆಂಗಿನ ಗೆರಟೆಯನ್ನು ಸುಟ್ಟು ಇದ್ದಲು ಮಾಡಿ, ಅದರಿಂದ ಬೆಲ್ಲದ ನೀರಿನ ಬಣ್ಣವನ್ನು ಇಳಿಸಿ ತೋರಿಸಿ, ಇಂಗಾಲದ ಪಾಠ ಮಾಡಿದರು. ಚಿಪ್ಪಿನ ಸುಣ್ಣದ ತಿಳಿನೀರಿಗೆ ಹುಡುಗರಿಂದಲೇ ಊದಿಸಿ, ನೀರು ಹಾಲಿನಂತಾಗುವುದನ್ನು ತೋರಿಸಿ, ಉಸಿರಿನಲ್ಲಿ ಏನಿದೆ ಎಂಬುದನ್ನು ಕಲಿಸಿದರು. ಪುಸ್ತಕದ ಇಂಗ್ಲಿಷ್ ಹೆಸರನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಕನ್ನಡದ ಹೆಸರನ್ನೂ ಬರೆದು, ತುಳುವಿನಲ್ಲಿ ಅದಕ್ಕೆ ಏನನ್ನುತ್ತಾರೆಂದು ಮಕ್ಕಳನ್ನೇ ಕೇಳುತ್ತಿದ್ದರು. ಇನ್‌ಸ್ಪೆಕ್ಟರರು ಇದನ್ನು ಆಕ್ಷೇಪಿಸಿದ ವರ್ಷಗಳೂ ಉಂಟು, ಮೆಚ್ಚಿದ ವರ್ಷಗಳೂ ಉಂಟು. ಪಾಠದ ಕ್ರಮ ಮಾತ್ರ ಬದಲಾಗಲಿಲ್ಲ.

ಆ ಮೊದಲ ವರ್ಷಗಳ ಒಂದು ಪ್ರಸಂಗವನ್ನು ಹಳೆಯ ಶಿಷ್ಯರು ಇಂದಿಗೂ ನೆನೆಯುತ್ತಾರೆ. ಅಯೊಡಿನ್ನಿನ ಪಾಠದ ದಿನ ಆಳ್ವರು ಗಂಜಿಯ ತಿಳಿಗೆ ಟಿಂಚರಿನ ಒಂದು ತೊಟ್ಟು ಬಿಟ್ಟು ಅದನ್ನು ಕಡುನೀಲಿ ಮಾಡಿ ತೋರಿಸಿದ್ದರು. ನೋಣಯ್ಯನೆಂಬ ವಿದ್ಯಾರ್ಥಿ ಅಂದಿನಿಂದ ಮನೆಯಲ್ಲಿ ಗಂಜಿ ಮುಟ್ಟಲೊಲ್ಲದಾದ. ಮೂರು ಹೊತ್ತೂ ಗಂಜಿಯೇ ಆಧಾರವಾಗಿದ್ದ ಮನೆ ಅದು. ತಾಯಿ ದೇಯಿ ಶಾಲೆಯ ಗೇಟಿನ ಬಳಿ ಬಂದು ನಿಂತು, "ಮಾಸ್ಟ್ರೇ, ನೀವು ಗಂಜಿಯನ್ನು ನೀಲಿ ಮಾಡಿದ್ರಂತೆ. ಈಗ ಇವ ಅದರಲ್ಲಿ ಎಂತದೋ ಉಂಟು ಅಂತ ಊಟ ಬಿಟ್ಟಿದ್ದಾನೆ. ನಾನು ಅವನಿಗೆ ಬೇರೆ ಎಂತ ಕೊಡ್ಲಿ?" ಎಂದು ಕೇಳಿದಳು. ಆಳ್ವರು ಅಂದು ಸಂಜೆ ಅವಳ ಗುಡಿಸಲಿಗೆ ಹೋಗಿ, ನೆಲದ ಮೇಲೆ ಕುಳಿತು, ಒಣಮೀನಿನ ಚಟ್ನಿಯೊಂದಿಗೆ ಗಂಜಿ ಉಂಡು, ಗಂಜಿ ನೀಲಿಯಾದದ್ದು ಅದರಲ್ಲಿ ಪಿಷ್ಟವೆಂಬ ಸತ್ವ ಇರುವುದರಿಂದಲೇ ಎಂದು ನೋಣಯ್ಯನಿಗೆ ತಿಳಿಯ ಹೇಳಿದರು. ಒಕ್ಕಲು ಮಕ್ಕಳ ಮನೆಯಲ್ಲಿ ಧನಿಗಳ ಮನೆಯವರು ಕುಳಿತು ಉಣ್ಣುವುದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ನೋಣಯ್ಯನವರು ಇಂದು ಆಸ್ಪತ್ರೆಯೊಂದರಲ್ಲಿ ಕಂಪೌಂಡರರಾಗಿದ್ದಾರೆ. ಅಯೊಡಿನ್ನಿನ ಬಾಟಲಿ ಅವರ ಕೈಯಲ್ಲೇ ಇರುತ್ತದೆ.

ಲೋಹಗಳ ಪಾಠಕ್ಕೆ ಆಳ್ವರು ಬಂದರಿನ ಬ್ಯಾರಿ ಮುಸಲ್ಮಾನರಾದ ಕಲಾಯಿಗಾರ ಹಸನಬ್ಬನವರನ್ನು ಶಾಲೆಯ ಅಂಗಳಕ್ಕೆ ಕರೆಸುತ್ತಿದ್ದರು. ಹುಳಿ ಪದಾರ್ಥ ಬರಿಯ ಹಿತ್ತಾಳೆಗೆ ತಾಗಿದರೆ ಕಿಲುಬು ಏಳುತ್ತದೆ, ಹೊಟ್ಟೆ ಕೆಡುತ್ತದೆ. ಆದ್ದರಿಂದ ಪಾತ್ರೆಯ ಒಳಮೈಗೆ ತವರದ ತೆಳುವಾದ ಲೇಪ ಬೇಕು. ಇದನ್ನು ಹಲಗೆಯ ಮೇಲೆ ಬರೆಯುವುದಕ್ಕಿಂತ ಕಣ್ಣಾರೆ ಕಾಣುವುದು ಲೇಸೆಂಬುದು ಆಳ್ವರ ಮತ. ಹಸನಬ್ಬ ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ, ಇದ್ದಲಿನ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿದೊಡನೆ ದಟ್ಟವಾದ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಸೋಕಿಸಿ ಹತ್ತಿಯಿಂದ ಒಮ್ಮೆ ಸವರಿದರೆ ಕಂದು ಪಾತ್ರೆಯೊಳಗೆ ಬೆಳ್ಳಿ ಹರಿದ ಹಾಗೆ ಹೊಳಪು ಹರಡುತ್ತಿತ್ತು. ಹುಡುಗರು ಕೆಮ್ಮುತ್ತಲೇ ಕೈತಟ್ಟುತ್ತಿದ್ದರು. ವರ್ಷವರ್ಷವೂ ಜೂನ್ ತಿಂಗಳಲ್ಲಿ ನಡೆಯುತ್ತಿದ್ದ ಈ ಪಾಠದಿಂದ ಮಾಸ್ತರರಿಗೂ ಕಲಾಯಿಗಾರರಿಗೂ ನಿಧಾನವಾಗಿ ಸ್ನೇಹ ಬೆಳೆಯಿತು. ಮಣ್ಣಗುಡ್ಡದಲ್ಲಿ ಆಳ್ವರ ಬಂಧುಗಳು ನಡೆಸುತ್ತಿದ್ದ ವಿದ್ಯಾರ್ಥಿನಿಲಯದ ಪಾತ್ರೆಗಳಿಗೆಲ್ಲ ಹಸನಬ್ಬನೇ ಕಲಾಯಿ ಹಾಕುವುದೆಂದು ಗೊತ್ತಾದದ್ದೂ ಆಳ್ವರ ಮಾತಿನ ಮೇಲೆಯೇ.

ಆ ವಿದ್ಯಾರ್ಥಿನಿಲಯದ ಆಡಳಿತ ನೋಡುತ್ತಿದ್ದವರು ಕದ್ರಿಯ ದೂಮಣ್ಣ ಶೆಟ್ಟರು. ಅವರು ಆಳ್ವರ ಪತ್ನಿ ಗುಣವತಿಯಮ್ಮನವರ ಖಾಸಾ ಅಣ್ಣ. ಕೊಡುಗೈ, ಗಟ್ಟಿ ದನಿ, ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದ ಸ್ವಭಾವ. ಹಳ್ಳಿಗಳಿಂದ ಬಂದ ಬಡ ಮಕ್ಕಳಿಗೆ ನಿಲಯದಲ್ಲಿ ಅನ್ನ ಸಿಗುತ್ತಿದ್ದುದು ಬಹುಮಟ್ಟಿಗೆ ಅವರಿಂದ ಎಂಬುದನ್ನು ಮುಂದಿನ ಸಂಗತಿಯನ್ನು ಓದುವಾಗಲೂ ಮರೆಯಬಾರದು.

೧೯೪೨ರ ಆರಂಭದಲ್ಲಿ ಯುದ್ಧವು ಮಲಯವನ್ನು ನುಂಗಿತು. ನಮ್ಮ ಪೇಟೆಗೆ ತವರ ಬರುತ್ತಿದ್ದುದು ಮುಖ್ಯವಾಗಿ ಅಲ್ಲಿಂದಲೇ. ಕೆಲವೇ ವಾರಗಳಲ್ಲಿ ಅಂಗಡಿಗಳಲ್ಲಿ ತವರ ಕಾಣದಾಯಿತು. ಮಳೆಗಾಲದ ಶಾಲೆ ತೆರೆಯುವ ಮುಂಚೆ ನಿಲಯದ ಪಾತ್ರೆಗಳಿಗೆ ಕಲಾಯಿ ಆಗಲೇಬೇಕಿತ್ತು. ದೂಮಣ್ಣ ಶೆಟ್ಟರು ಎಲ್ಲೆಲ್ಲೋ ವಿಚಾರಿಸಿ, ಪರವೂರಿನ ವ್ಯಾಪಾರಿಯೊಬ್ಬನಿಂದ ತವರವೆಂದು ಎರಡು ಗಟ್ಟಿಗಳನ್ನು ತಂದು, ಒಂದನ್ನು ಹಸನಬ್ಬನಿಗೆ ಕೊಟ್ಟು ಇನ್ನೊಂದನ್ನು ಮುಂದಿನ ವರ್ಷಕ್ಕೆಂದು ಮನೆಯ ಪೆಟ್ಟಿಗೆಯಲ್ಲಿಟ್ಟರು. ಪಾತ್ರೆಗಳೆಲ್ಲ ಬೆಳ್ಳಗಾದವು.

ಆಗಸ್ಟ್ ತಿಂಗಳು ಬರುವಷ್ಟರಲ್ಲಿ ನಿಲಯದ ಮಕ್ಕಳು ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಮಲಗತೊಡಗಿದರು. ಮುಖ ಬಿಳಿಚಿತು, ಊಟ ರುಚಿಸದಾಯಿತು. ಮಾಯಿಲಪ್ಪನೆಂಬ ಹಿರಿಯ ತರಗತಿಯ ವಿದ್ಯಾರ್ಥಿಗೆ ಬಲಗೈಯ ಮಣಿಕಟ್ಟು ಬಲಗುಂದಿ ಜೋತುಬಿದ್ದು ಪೆನ್ನು ಹಿಡಿಯಲಾಗಲಿಲ್ಲ. ಮೊದಲು ಹುಳದ ಔಷಧಿ ಕೊಟ್ಟು ನೋಡಿದ ಡಾಕ್ಟರರು, ಕೊನೆಗೆ ಮಕ್ಕಳ ವಸಡಿನಲ್ಲಿ ನೀಲಿ ಗೆರೆ ಕಂಡು ಆಳ್ವರನ್ನು ಕರೆಸಿದರು. "ಸೀಸ ಹೊಟ್ಟೆಗೆ ಹೋದ ಹಾಗೆ ಕಾಣ್ತದೆ ಆಳ್ವರೇ. ಆದ್ರೆ ಈ ಮಕ್ಕಳಿಗೆ ಸೀಸ ಎಲ್ಲಿಂದ ಬರ್ಬೇಕು? ನೀವೇ ಹೇಳಿ" ಎಂದರು.

ಆಳ್ವರು ನೇರವಾಗಿ ನಿಲಯದ ಅಡುಗೆಮನೆಗೆ ನಡೆದರು. ಹುಳಿ ಕುದಿಸುವ ದೊಡ್ಡ ಹಿತ್ತಾಳೆಯ ಪಾತ್ರೆ ತೊಳೆದು ಮಗುಚಿಟ್ಟಿತ್ತು. ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಲೇಪ ಮಂಕಾಗಿತ್ತು. ಬೆರಳಿನಿಂದ ಉಜ್ಜಿದರೆ ಬೆರಳು ಕಪ್ಪಾಯಿತು. ಅದೇ ಅಡುಗೆಮನೆಯಲ್ಲಿ ಆ ತಿಂಗಳು ಅವರೂ ಎರಡು ಬಾರಿ ಉಂಡಿದ್ದರು, ಪಾತ್ರೆಯ ಕಡೆಗೆ ಕಣ್ಣೆತ್ತಿಯೂ ನೋಡಿರಲಿಲ್ಲ. ಮೂವತ್ತು ವರ್ಷ ಕಲಿಸಿದ ವಿದ್ಯೆ ಕಣ್ಣಮುಂದೆ ಇದ್ದದ್ದನ್ನು ತೋರಿಸಿಕೊಡಲಿಲ್ಲವಲ್ಲ ಎಂದು ಅವರು ಆಮೇಲೆ ಬಹಳ ಸಾರಿ ಹೇಳಿಕೊಂಡದ್ದುಂಟು. ಅಂದೇ ಹುಳಿಯ ಅಡುಗೆಯೆಲ್ಲ ಮಣ್ಣಿನ ಅಳಗೆಗಳಲ್ಲಿ ಆಗಬೇಕೆಂದು ಹೇಳಿ, ಲೇಪದಲ್ಲಿ ಸೀಸ ಬೆರೆತಿದೆ ಎಂದು ದೂಮಣ್ಣ ಶೆಟ್ಟರಿಗೆ ತಿಳಿಸಿದರು.

ಈ ಮಾತು ಊರಿನಲ್ಲಿ ಬೇರೆಯೇ ರೂಪದಲ್ಲಿ ಹಬ್ಬಿತು. ಬ್ಯಾರಿ ಒಳ್ಳೆಯ ತವರವನ್ನು ಮಾರಿಕೊಂಡು ಸೀಸ ಬಳಿದಿದ್ದಾನೆ, ಮಕ್ಕಳಿಗೆ ವಿಷ ಇಕ್ಕಿದ್ದಾನೆ ಎಂದು ಜನ ಆಡಿಕೊಂಡರು. ಹಾಗೆ ಮೊದಲು ಅಂದವರು ದೂಮಣ್ಣ ಶೆಟ್ಟರೇ. ಆ ಸಿಟ್ಟಿನ ದಿನಗಳಲ್ಲಿ ಕೇಳಿದವರೆಲ್ಲ ಅದನ್ನು ನಂಬಿದರು. ಹಸನಬ್ಬ ಬೀದಿಗೆ ಬಂದರೆ ಬಾಗಿಲು ಮುಚ್ಚುತ್ತಿದ್ದರು. ಆಳ್ವರಿಗೆ ಇದು ತಿಳಿಯದೆ ಇರಲಿಲ್ಲ. ನಾಲ್ಕು ದಿನ ಹೋದರೆ ತಣ್ಣಗಾದೀತು, ಆಮೇಲೆ ಭಾವನಿಗೆ ಮೆಲ್ಲಗೆ ಹೇಳಿದರಾಯಿತು ಎಂದು ಅವರು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು. ಅದು ತಣ್ಣಗಾಗಲಿಲ್ಲ.

ಒಂದು ಮಧ್ಯಾಹ್ನ ಹಸನಬ್ಬನ ಹೆಂಡತಿ ಹಬೀಬಾ ದೇರೆಬೈಲಿನ ಮನೆಯ ಹಿಂಬದಿಯ ಜಗಲಿಗೆ ಬಂದು ನಿಂತಳು. ಗುಣವತಿಯಮ್ಮ ಕುಳಿತುಕೊಳ್ಳಲು ಹೇಳಿದರೂ ಕುಳಿತುಕೊಳ್ಳಲಿಲ್ಲ. "ಅಮ್ಮಾ, ನಮ್ಮವರು ತಿದಿ ಮುಟ್ಟದೆ ತಿಂಗಳಾಯ್ತು. ಕಲಾಯಿಗೆ ಕೊಟ್ಟಿದ್ದ ಪಾತ್ರೆಗಳನ್ನು ಸಹ ಜನ ವಾಪಸು ತಕ್ಕೊಂಡು ಹೋದ್ರು. ಅವರು ಮಕ್ಕಳಿಗೆ ವಿಷ ಹಾಕುವವರಾ? ಮಾಸ್ಟ್ರು ಒಂದು ಮಾತು ಹೇಳ್ಲಿ. ಅವರು ಹೌದು ಅಂದ್ರೆ ನಾವು ಊರು ಬಿಟ್ಟು ಹೋಗ್ತೇವೆ. ಅವರ ಮಾತಾದ್ರೆ ನಾವು ಒಪ್ತೇವೆ" ಎಂದಳು. ಬಾಗಿಲ ಒಳಗೆ ನಿಂತಿದ್ದ ಆಳ್ವರು ಈ ಮಾತನ್ನು ಕೇಳಿದರು. ಅವಳು ಹೋದ ಮೇಲೆ ಗುಣವತಿಯಮ್ಮ ಗಂಡನ ಕಡೆಗೆ ತಿರುಗಿ, "ನಿಮಗೆ ಗೊತ್ತುಂಟಲ್ಲ ಅದು ಎಂತ ಅಂತ? ಮತ್ತೆ ಎಂತಕ್ಕೆ ಸುಮ್ಮನೆ ಕೂತಿದ್ದೀರಿ?" ಎಂದರು. ಆಳ್ವರು ಶಾಲು ಹೆಗಲಿಗೆ ಹಾಕಿಕೊಂಡು ಬಂದರಿನ ದಾರಿ ಹಿಡಿದರು.

ಹಸನಬ್ಬ ಮನೆಯ ಮುಂದೆ ಬರಿಗೈಯಲ್ಲಿ ಕುಳಿತಿದ್ದರು. ಆಳ್ವರನ್ನು ಕಂಡು ಎದ್ದು, ಒಳಗಿನಿಂದ ಗಟ್ಟಿಯ ಉಳಿದ ತುಂಡನ್ನು ತಂದು ಅವರ ಕೈಗಿಟ್ಟರು. "ಶೆಟ್ರು ಕೊಟ್ಟದ್ದು ಇದೇ ಮಾಸ್ಟ್ರೇ. ಹೊಳಪು ಸಾಕಾಗುದಿಲ್ಲ ಅಂತ ನಾನು ಹೇಳಿದ್ದೆ. ಯುದ್ಧದ ತವರ ಹೀಗೇ, ನೀನು ಹಾಕು ಅಂದ್ರು. ನಾನು ಹಾಕಿದೆ. ನನಗೂ ಸಂಶಯ ಇತ್ತು, ಗಟ್ಟಿಯಾಗಿ ಹೇಳ್ಲಿಲ್ಲ. ಅಷ್ಟು ತಪ್ಪು ನನ್ನದೂ ಉಂಟು." ಆಳ್ವರು ಆ ತುಂಡನ್ನು ಕಾಗದದ ಮೇಲೆ ಎಳೆದರು. ಪೆನ್ಸಿಲಿನಂತೆ ಕಪ್ಪು ಗೆರೆ ಮೂಡಿತು, ಸೀಸದ ಗುರುತು.

ಆದರೆ ಆ ತುಂಡು ಶೆಟ್ಟರು ಕೊಟ್ಟದ್ದೇ ಎಂದು ಊರು ನಂಬಬೇಕಲ್ಲ. ಪೆಟ್ಟಿಗೆಯಲ್ಲಿದ್ದ ಎರಡನೆಯ ಗಟ್ಟಿ ಹೊರಗೆ ಬಂದು, ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿದರೆ ಮಾತ್ರ ಸಂಶಯ ತೀರುತ್ತಿತ್ತು. ಆಳ್ವರು ಅಲ್ಲಿಂದಲೇ ಕದ್ರಿಗೆ ಹೋಗಿ ಭಾವನ ಚಾವಡಿಯಲ್ಲಿ ಕುಳಿತು ವಿಷಯವನ್ನು ಬಿಡಿಸಿ ಹೇಳಿದರು. ಶೆಟ್ಟರು ಕೇಳಿ ಕೆಂಪಾದರು.

"ನೀವು ಬ್ಯಾರಿಯ ಪಕ್ಷವಾ ಭಾವ, ನಮ್ಮ ಪಕ್ಷವಾ?"

"ನಾನು ತವರದ ಪಕ್ಷ ಭಾವ. ಪೆಟ್ಟಿಗೆಯಲ್ಲಿ ಇರುವುದು ತವರವೇ ಆದ್ರೆ ನಿಮ್ಮ ಪಕ್ಷವೂ ಹೌದು."

"ಈ ನಿಲಯಕ್ಕೆ ನಾನು ಎಷ್ಟು ವರ್ಷ ದುಡಿದಿದ್ದೇನೆ ಅಂತ ಊರಿಗೆ ಗೊತ್ತುಂಟು. ನಾಳೆ ಅದೇ ಊರು, ದೂಮಣ್ಣ ಶೆಟ್ಟಿ ಮಕ್ಕಳಿಗೆ ಸೀಸ ತಿನ್ನಿಸಿದ ಅಂತ ಹೇಳ್ಬೇಕಾ? ನನ್ನ ತಂಗಿಯ ಗಂಡನೇ ಹೇಳಿಸ್ಬೇಕಾ?"

ಗಟ್ಟಿ ಹೊರಗೆ ಬರಲಿಲ್ಲ. ಆಳ್ವರು ಕತ್ತಲಾಗುವ ಮುಂಚೆ ಎದ್ದು ಬಂದರು. ದಾರಿಯುದ್ದಕ್ಕೂ ಅವರ ಮನಸ್ಸು ಭಾರವಾಗಿತ್ತು. ಶೆಟ್ಟರು ಕೆಟ್ಟವರಲ್ಲ, ಅವರೂ ಮೋಸ ಹೋದವರೇ. ಭಾವನೊಡನೆ ನಂಟು ಮುರಿದರೆ ಗುಣವತಿಗೆ ತಾಯಿಮನೆಯ ಬಾಗಿಲು ಮುಚ್ಚೀತೆಂಬ ಅಂಜಿಕೆಯೂ ಇತ್ತು. ಮನೆಗೆ ಬಂದು ನಡೆದದ್ದನ್ನು ಹೇಳಿ, "ನಾನು ಶಾಲೆಯಲ್ಲಿ ಒಂದೇ ತುಂಡನ್ನು ಪರೀಕ್ಷೆ ಮಾಡಿ ತೋರಿಸ್ತೇನೆ. ನಂಬುವವರು ನಂಬಲಿ. ನಿನ್ನ ಅಣ್ಣನ ಮನಸ್ಸು ನೋಯ್ತದೆ, ಏನು ಮಾಡಲಿ?" ಎಂದರು. ಗುಣವತಿಯಮ್ಮ ಕೈತೊಳೆಯಲು ನೀರು ಕೊಟ್ಟರು.

ಮರುದಿನ ಬೆಳಿಗ್ಗೆ ಗುಣವತಿಯಮ್ಮನವರೇ ಕದ್ರಿಗೆ ಹೋದರು. ಆಸ್ತಿ ಹೆಣ್ಣಿನ ಕಡೆಯಿಂದಲೇ ಇಳಿಯುವ ಅಳಿಯಕಟ್ಟಿನ ಮನೆಯಲ್ಲಿ ಹೆಣ್ಣಿನ ಹಕ್ಕು ಎಂತಹುದೆಂದು ಬಲ್ಲವರಿಗೆ ಮುಂದಿನ ಮಾತಿನ ತೂಕ ತಿಳಿಯುತ್ತದೆ. "ಅಣ್ಣ, ಇದು ನಮ್ಮ ಅಮ್ಮನ ಮನೆ. ನಿನ್ನ ಹಾಗೆ ನನ್ನದೂ ಹೌದು. ಆ ಪೆಟ್ಟಿಗೆ ತೆಗಿ" ಎಂದರು. ಶೆಟ್ಟರು ಗಂಡನ ಕಡೆಯ ವಕಾಲತ್ತು ಬೇಡವೆಂದು ಗದರಿದರು. ತಂಗಿ ದನಿ ಏರಿಸಲಿಲ್ಲ. "ನಾನು ಅವರ ಪರವಾಗಿ ಬರ್ಲಿಲ್ಲ. ನೀನು ಬೇಕಂತ ಮಾಡಿದ್ದು ಅಂತ ಯಾರೂ ಹೇಳ್ಲಿಕ್ಕಿಲ್ಲ. ಆದ್ರೆ ಇವತ್ತು ಮುಚ್ಚಿಟ್ರೆ, ಅದು ಬೇಕಂತಲೇ ಮಾಡಿದ್ದಾಗ್ತದೆ. ನಿನ್ನ ಈ ಮನೆಗೆ ನಾಳೆ ಬರುವವರು ನನ್ನ ಮಕ್ಕಳು. ಅವರಿಗೆ ಎಂತ ಬಿಟ್ಟು ಹೋಗ್ತಿ ಅಂತ ನೋಡಿಕೋ." ಇಷ್ಟು ಹೇಳಿ, ಅಡುಗೆಮನೆಗೆ ಹೋಗಿ ಅತ್ತಿಗೆಯೊಡನೆ ಮಾತಿಗೆ ಕುಳಿತರು. ಶೆಟ್ಟರು ಚಾವಡಿಯಲ್ಲಿ ಬಹಳ ಹೊತ್ತು ಒಬ್ಬರೇ ಕುಳಿತಿದ್ದರಂತೆ.

ಆ ಶನಿವಾರ ನಿಲಯದ ಸಮಿತಿಯವರನ್ನೂ ಡಾಕ್ಟರರನ್ನೂ ಆಳ್ವರು ಶಾಲೆಯ ಪ್ರಯೋಗಶಾಲೆಗೆ ಆಹ್ವಾನಿಸಿದ್ದರು. ಹಸನಬ್ಬ ಬಾಗಿಲ ಬಳಿ ನಿಂತಿದ್ದರು. ಎಲ್ಲರೂ ಬಂದು ಕುಳಿತ ಮೇಲೆ ದೂಮಣ್ಣ ಶೆಟ್ಟರು ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಗಟ್ಟಿಯಿತ್ತು. ಮೇಜಿನ ಮೇಲೆ ಅದನ್ನಿಟ್ಟು, ಯಾರನ್ನೂ ನೋಡದೆ ಮೂಲೆಯ ಬೆಂಚಿನಲ್ಲಿ ಕುಳಿತರು.

ಆಳ್ವರು ಮೊದಲು ಶಾಲೆಯಲ್ಲಿದ್ದ ಅಪ್ಪಟ ತವರದ ಕಡ್ಡಿಯೊಂದನ್ನು ಒಬ್ಬೊಬ್ಬರ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಒಣಗಿದ ಕಡ್ಡಿ ಚಟಗುಟ್ಟಿದ ಹಾಗೆ ಅದು ಸಣ್ಣಗೆ ಕಿರುಗುಟ್ಟಿತು. ಶುದ್ಧ ತವರ ಬಗ್ಗಿಸಿದರೆ ಹೀಗೆ ಕೂಗುತ್ತದೆ ಎಂದರು. ಬಳಿಕ ಹಸನಬ್ಬ ಕೊಟ್ಟ ತುಂಡಿನಿಂದಲೂ ಶೆಟ್ಟರ ಗಟ್ಟಿಯಿಂದಲೂ ಅಷ್ಟೇ ದಪ್ಪದ ಕಡ್ಡಿ ಎರಕ ಹೊಯ್ದು ಬಗ್ಗಿಸಿದರು. ಎರಡೂ ಸದ್ದಿಲ್ಲದೆ ಬಾಗಿದವು. ಆಮೇಲೆ ಮೂರರ ಚೂರುಗಳನ್ನೂ ಬೇರೆಬೇರೆಯಾಗಿ ನೈಟ್ರಿಕ್ ಆಸಿಡ್ಡಿನಲ್ಲಿ ಹಾಕಿ ಕಾಯಿಸಿದರು. ತವರವು ಬಿಳಿಯ ಹಿಟ್ಟಾಗಿ ತಳದಲ್ಲಿ ಉಳಿಯುತ್ತದೆ, ಸೀಸವಿದ್ದರೆ ಅದು ಆಸಿಡ್ಡಿನಲ್ಲಿ ಕರಗಿ ಹೋಗುತ್ತದೆ ಎಂದು ವಿವರಿಸಿ, ಆ ದ್ರವವನ್ನು ಸೋಸಿ, ನೀರು ಬೆರೆಸಿ ತೆಳುವಾಗಿಸಿ, ಅದಕ್ಕೆ ಪೊಟ್ಯಾಸಿಯಂ ಅಯೊಡೈಡಿನ ದ್ರವ ಬಿಟ್ಟರು. ಅಪ್ಪಟ ತವರದ ಕೊಳವೆಯಲ್ಲಿ ಏನೂ ಆಗಲಿಲ್ಲ. ಉಳಿದ ಎರಡರಲ್ಲಿಯೂ ಸೇವಂತಿಗೆಯಂತಹ ಗಾಢ ಹಳದಿ ಬಣ್ಣ ಒಮ್ಮೆಗೇ ತುಂಬಿಕೊಂಡಿತು. ಕೊಳವೆಯನ್ನು ಬಿಸಿಮಾಡಿದಾಗ ಹಳದಿ ಕರಗಿಹೋಯಿತು. ಆರಲು ಬಿಟ್ಟಾಗ ನೀರಿನೊಳಗೆ ಬಂಗಾರದ ರೇಕುಗಳು ಮಿನುಗುತ್ತ ಇಳಿಯತೊಡಗಿದವು.

"ನೋಡಲಿಕ್ಕೆ ಚಂದ ಉಂಟು. ಮಕ್ಕಳ ಹೊಟ್ಟೆಗೆ ಹೋದದ್ದು ಇದೇ ಲೋಹ" ಎಂದರು ಆಳ್ವರು. ಗಟ್ಟಿಗಳನ್ನು ತಂದವರ ಹೆಸರನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಶೆಟ್ಟರು ಎದ್ದು ನಿಂತರು.

"ಇದು ನಾನು ತಂದದ್ದು. ಅಂಗಡಿಯವ ತವರ ಅಂದ, ನಾನು ನಂಬಿದೆ. ಇವ ಹೊಳಪು ಸಾಲದು ಅಂತ ಹೇಳಿದ್ದ. ನಾನು ಕೇಳಲಿಲ್ಲ. ಆಮೇಲೆ ಇವನೇ ಮಾಡಿದ್ದು ಅಂತ ಊರಿಗೆಲ್ಲ ಹೇಳಿದವನೂ ನಾನೇ." ಬಾಗಿಲ ಕಡೆಗೆ ತಿರುಗಿ, "ಹಸನಬ್ಬ, ನಡಿ. ನಾನೂ ಬರ್ತೇನೆ ನಿನ್ನೊಟ್ಟಿಗೆ" ಎಂದರು.

ಅಂದು ಮಧ್ಯಾಹ್ನ ಮಣ್ಣಗುಡ್ಡದ ಬೀದಿಯಲ್ಲಿಯೂ ಬಂದರಿನ ಬೀದಿಯಲ್ಲಿಯೂ ದೂಮಣ್ಣ ಶೆಟ್ಟರು ಹಸನಬ್ಬನ ಜೊತೆಗೆ ನಡೆದು ಹೋದದ್ದನ್ನು ಕಂಡವರು ಹಲವರಿದ್ದಾರೆ. ಅವರಿಬ್ಬರ ಹಿಂದೆ ಸ್ವಲ್ಪ ದೂರದಲ್ಲಿ ಆಳ್ವರು ನಡೆಯುತ್ತಿದ್ದರು. ಶೆಟ್ಟರು ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ನಿಲ್ಲಿಸಿ, ತಪ್ಪು ನನ್ನದು, ಇವನದಲ್ಲ ಎಂದು ತಮ್ಮ ಗಟ್ಟಿ ದನಿಯಲ್ಲಿಯೇ ಹೇಳಿದರು. ಹಸನಬ್ಬನ ಮನೆ ಮುಟ್ಟಿದಾಗ ಹಬೀಬಾ ಮೂವರಿಗೂ ಚಹಾ ಮಾಡಿ ತಂದಳು. ಶೆಟ್ಟರು ಬಾಯಿಗೆ ತಾಗಿಸದೆ ಎತ್ತಿ ಕುಡಿಯುವ ಕ್ರಮದವರು. ಅಂದು ಲೋಟವನ್ನು ತುಟಿಗೆ ಹಚ್ಚಿ ಪೂರ್ತಿ ಕುಡಿದರು.

ಮಕ್ಕಳು ಒಬ್ಬೊಬ್ಬರಾಗಿ ಚೇತರಿಸಿಕೊಂಡರು. ಡಾಕ್ಟರರು ಭೇದಿಯುಪ್ಪನ್ನೂ ಹಾಲನ್ನೂ ಕೊಡಿಸಿದರು. ಆ ಹಾಲು ಶೆಟ್ಟರ ಮನೆಯ ಹಟ್ಟಿಯಿಂದ ದಿನವೂ ಬರುತ್ತಿತ್ತು. ಮಾಯಿಲಪ್ಪನ ಕೈ ಮಾತ್ರ ಬೇಗ ಸರಿಹೋಗಲಿಲ್ಲ. ಆಳ್ವರು ಆ ವರ್ಷ ಪೂರ್ತಿ ಸಂಜೆಗಳಲ್ಲಿ ಅವನನ್ನು ಮನೆಗೆ ಕರೆಸಿಕೊಂಡು, ಎಡಗೈಯಲ್ಲಿ ಬರೆಯುವುದನ್ನು ಕಲಿಸಿದರು. ತಾವೂ ಎದುರು ಕುಳಿತು ಎಡಗೈಯಲ್ಲೇ ಬರೆದರು. ಗುರುವಿನ ಅಕ್ಷರ ಶಿಷ್ಯನ ಅಕ್ಷರಕ್ಕಿಂತ ಕೆಟ್ಟದಾಗಿರುತ್ತಿತ್ತೆಂದು ಗುಣವತಿಯಮ್ಮ ನಗುತ್ತಾರೆ. ಮಾಯಿಲಪ್ಪ ತೇರ್ಗಡೆಯಾದರು. ಬಲಗೈಗೆ ಈಗ ಶಕ್ತಿ ಬಂದಿದೆ, ಆದರೂ ಅವಸರದಲ್ಲಿ ಎಡಗೈಯೇ ಮುಂದಾಗುತ್ತದಂತೆ.

ಮರುವರ್ಷ ಜೂನಿನಲ್ಲಿ ಹಸನಬ್ಬ ಮತ್ತೆ ಶಾಲೆಯ ಅಂಗಳದಲ್ಲಿ ಕುಳಿ ತೋಡಿದರು. ತವರ ಎಲ್ಲಿಯೂ ಇರಲಿಲ್ಲ. ಆಳ್ವರು ತಮ್ಮ ಕೈಯಿಂದ ಕೊಂಡಿಟ್ಟಿದ್ದ ಒಂದಿಷ್ಟು ತವರವನ್ನು ತಂದರು. ಅದು ಒಂದೇ ಪಾತ್ರೆಗೆ ಸಾಲುವಷ್ಟಿತ್ತು. ಆ ಪಾತ್ರೆ ಗುಣವತಿಯಮ್ಮನವರದ್ದು. ಅಂದೇ ಅದರಲ್ಲಿ ಅವರು ಸೌತೆಕಾಯಿಯ ಹುಳಿ ಮಾಡಿ, ಸಮಿತಿಯವರಿಗೂ ಶಿಕ್ಷಕರಿಗೂ ಬಡಿಸಿದರು. ಮೊದಲನೆಯ ಎಲೆ ಹಾಕಿ ಕುಳಿತವರು ಅವರ ಅಣ್ಣನೇ. ಬಂದರಿನಲ್ಲಿ ಬಾಗಿಲು ಮುಚ್ಚಿದ್ದ ಮನೆಗಳವರು ಯುದ್ಧ ಮುಗಿದು ತವರ ಬರುವುದನ್ನು ಕಾಯುತ್ತ, ತಮ್ಮ ಪಾತ್ರೆಗಳನ್ನು ಹಸನಬ್ಬನ ಮನೆಯಲ್ಲೇ ತಂದಿರಿಸತೊಡಗಿದರು.

ಆಳ್ವರು ಮುಂದಿನ ವರ್ಷಗಳಲ್ಲಿಯೂ ಎಂದಿನಂತೆ ಪಾಠ ಮಾಡಿದರು. ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿಸುವ ಮಾತು ಬಲವಾದಾಗ, ಹೊಸ ಶಿಕ್ಷಕರು ಶಬ್ದಗಳಿಗಾಗಿ ತಡಕಾಡುವಾಗ, ಅವರು ತಮ್ಮ ಹಳೆಯ ಶಬ್ದಗಳನ್ನು ಧಾರಾಳವಾಗಿ ಹಂಚಿದರು. ಅವುಗಳ ಮೇಲೆ ತಮ್ಮ ಹೆಸರಿರಬೇಕೆಂದು ಬಯಸಲಿಲ್ಲ. ಸಭೆಯಲ್ಲಿ ಯಾರಾದರೂ ನಿಲಯದ ಆ ಪ್ರಸಂಗವನ್ನು ಎತ್ತಿ ಹೊಗಳಿದರೆ, ಆ ದಿನ ಧೈರ್ಯ ತೋರಿಸಿದವರು ದೂಮಣ್ಣ ಶೆಟ್ಟರು, ನಾನು ಕೊಳವೆ ಅಲುಗಾಡಿಸಿದವನು ಮಾತ್ರ ಎಂದು ಹೇಳಿ ಕುಳಿತುಬಿಡುತ್ತಾರೆ. ಇದು ಸೌಜನ್ಯದ ಮಾತಲ್ಲ, ಅವರ ನಂಬಿಕೆಯೇ ಹಾಗೆ.

ನಿವೃತ್ತಿಯಾದ ಮೇಲಾದರೂ ಅವರು ವಿಶ್ರಾಂತಿ ತೆಗೆದುಕೊಳ್ಳುವರೆಂದು ಮನೆಯವರು ಎಣಿಸಿದ್ದರು. ಏಪ್ರಿಲಿನಲ್ಲಿ ನೆರೆಮನೆಯ ಬರ್ನಡೆಟ್ ಬಾಯಿ ಹೊಸ ಬಾವಿ ತೋಡಿಸಿದರು. ಕ್ರೈಸ್ತರ ಇಗರ್ಜಿಯ ಪೀಠದ ಬಿಳಿ ವಸ್ತ್ರಗಳನ್ನು ಒಗೆದು, ಗಂಜಿಹಾಕಿ, ಇಸ್ತ್ರಿಮಾಡಿ ಕೊಡುವುದು ಅವರ ಕೆಲಸ. ಬಾವಿಯಿಂದ ಸೇದಿದಾಗ ತಿಳಿಯಾಗಿದ್ದ ನೀರು ನಿಂತರೆ ಕೆಂಪಾಗುತ್ತಿತ್ತು, ವಸ್ತ್ರಗಳೆಲ್ಲ ಚಹಾ ಚೆಲ್ಲಿದ ಹಾಗೆ ಕಂದಿದವು. ಆಳ್ವರು ಹೋಗಿ ನೋಡಿ, ನೀರಿನಲ್ಲಿ ಕಬ್ಬಿಣವಿದೆ, ಗಾಳಿ ತಾಗಿದರೆ ಅದು ತುಕ್ಕಾಗಿ ಬೇರೆಯಾಗುತ್ತದೆ ಎಂದು ಹೇಳಿ, ಮೂರು ಮಡಕೆಗಳನ್ನು ಒಂದರ ಮೇಲೊಂದು ನಿಲ್ಲಿಸಿ, ತಳದಲ್ಲಿ ತೂತು ಮಾಡಿ, ಮರಳು ತುಂಬಿಸಿದರು. ನೀರು ಕೆಂಪಾಗಿಯೇ ಇಳಿಯಿತು. ಮರಳು ದಪ್ಪವಾಗಿತ್ತು. ಪಣಂಬೂರಿನ ಕಡೆಯಿಂದ ಸಣ್ಣ ಮರಳು ತರಿಸಿ, ತೊಳೆದು, ನಡುವೆ ಇದ್ದಲು ಹರಡಿ, ಮೇಲಿನ ಮಡಕೆಗೆ ನೀರು ಎತ್ತರದಿಂದ ಸೋರಿ ಬೀಳುವಂತೆ ಮಾಡಿದರು. ಬರ್ನಡೆಟ್ ಬಾಯಿ, "ಮಾಸ್ಟ್ರೇ, ರಿಟೈರ್ ಆದ ಮೇಲೆ ಸುಮ್ಮನೆ ಕೂತ್ಕೊಳ್ಳುದಲ್ವಾ?" ಎಂದು ಕೇಳಿದಾಗ, "ಕಬ್ಬಿಣ ರಿಟೈರ್ ಆಗ್ಲಿಲ್ಲ ಬಾಯಿ" ಎಂದರಂತೆ. ಈಸ್ಟರಿನ ಮುಂಚಿನ ದಿನ ಅವರ ಅಂಗಳದ ಹಗ್ಗದ ಮೇಲೆ ವಸ್ತ್ರಗಳು ಹಾಲಿನಂತೆ ಬೆಳ್ಳಗೆ ಒಣಗಿದವು.

ಅದನ್ನು ಬೇಲಿಯಾಚೆಯಿಂದ ಕಂಡ ಇನ್ನೂ ನಾಲ್ಕು ಮನೆಗಳವರು ಈಗ ತಮ್ಮ ಬಾವಿಯನ್ನೂ ನೋಡಬೇಕೆಂದು ಆಳ್ವರಿಗೆ ಹೇಳಿದ್ದಾರೆ, ಆಳ್ವರು ಒಪ್ಪಿದ್ದಾರೆ. ಈ ಮಹನೀಯರಿಗೂ ಅವರ ಬಾಳಿಗೆ ಬೆನ್ನೆಲುಬಾದ ಗುಣವತಿಯಮ್ಮನವರಿಗೂ ಆರೋಗ್ಯವೂ ನೆಮ್ಮದಿಯೂ ಕೂಡಿದ ತುಂಬು ಆಯುಷ್ಯವನ್ನು ಹಾರೈಸುವಾಗ, ನಮ್ಮ ಹಾರೈಕೆಯಲ್ಲಿ ಸ್ವಲ್ಪ ಸ್ವಾರ್ಥವೂ ಇದೆ ಎಂದು ಒಪ್ಪಿಕೊಳ್ಳುತ್ತೇವೆ. ದೇರೆಬೈಲಿನಲ್ಲಿ ವರ್ಷಕ್ಕೊಂದಾದರೂ ಹೊಸ ಬಾವಿ ತೋಡುತ್ತಲೇ ಇರುತ್ತಾರೆ. ಅವರ ಕೆಲಸ ಮುಗಿಯದಿರಲಿ. ಅದನ್ನು ಮಾಡುವ ಕೈ ದಣಿಯದಿರಲಿ.